ಸಚಿವರೇ, ನನ್ನಮ್ಮ ರೇಷನ್ ಅಂಗಡಿಯ ತಕ್ಕಡಿ ಹತ್ತಿ ಬಂದಳು

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಉತ್ತರ ಕನ್ನಡದ ಕರಾವಳಿಯಿಂದ ಬರೆಯುತ್ತಿದ್ದೇನೆ. ಆರು ವರ್ಷದಿಂದ ಬರೆಯಬೇಕು ಅಂತಿದ್ದೆ, ಸುಮ್ನೆ ಯಾಕೆ ಅಂತ ಬಿಟ್ಟಿದ್ದೆ.

ಅಮ್ಮನಿಗೆ ಹಾರ್ಟ್ ಫೇಲ್ಯೂರ್. ಹಾರ್ಟ್ ಅಟ್ಯಾಕ್ ಅಲ್ಲ ಸರ್, ಅದು ಬೇರೆ. ಹೃದಯ ನಿಂತಿಲ್ಲ, ಸೋತಿದೆ. ರಕ್ತ ತಳ್ಳುವ ಶಕ್ತಿ ಕಮ್ಮಿಯಾಗಿ ಮೈಯಲ್ಲಿ ನೀರು ನಿಲ್ಲುತ್ತದೆ. ಕಾಲನ್ನು ಹೆಬ್ಬೆರಳಲ್ಲಿ ಒತ್ತಿದರೆ ಬಿದ್ದ ಕುಳಿ ಹಾಗೇ ಇರುತ್ತದೆ. ರಾತ್ರಿ ಮೂರು ದಿಂಬಿಟ್ಟು ಒರಗಿಕೊಂಡೇ ನಿದ್ದೆ. ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಕೂಡಲೇ ತೋರಿಸಬೇಕು. ಇದೆಲ್ಲ ನಿಮ್ಮ ಇಲಾಖೆಗೆ ಗೊತ್ತಿರುವುದೇ.

ಹೋದ ತಿಂಗಳು ಏರಿತು. ತಾಲೂಕು ಆಸ್ಪತ್ರೆಗೆ ಓಡಿದೆವು. ಚೀಟಿಯಲ್ಲಿ ತೂಕ ಬರೆಯಬೇಕಂತೆ, ಆದರೆ ಅಲ್ಲಿನ ತೂಕದ ಯಂತ್ರ ಕೆಟ್ಟಿದೆಯಂತೆ. ಮನೆಯಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲವಂತೆ. "ಎದುರಿಗೆ ರೇಷನ್ ಅಂಗಡಿ ಇದೆಯಲ್ಲ, ಅಲ್ಲಿ ನೋಡಿಕೊಂಡು ಬನ್ನಿ" ಅಂದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುವ ಎಪ್ಪತ್ತೊಂದು ವರ್ಷದ ಹೆಂಗಸು ರಸ್ತೆ ದಾಟಿ, ಅಕ್ಕಿ ಮೂಟೆ ಸರಿಸಿಕೊಟ್ಟ ಜಾಗದಲ್ಲಿ ಚಪ್ಪಲಿ ಬಿಟ್ಟು ತಕ್ಕಡಿ ಹತ್ತಿದಳು. 58 ಕಿಲೋ. ಹಿಂದೆ ನಿಂತವರೊಬ್ಬರು "ಒಂದು ಕಾರ್ಡಿಗೆ ಇಷ್ಟು ಕೊಡ್ತಾರಾ" ಅಂದರು. ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಚೀಟಿ ಹಿಡಿದು ವಾಪಸ್ ಹೋದರೆ ಫಿಸಿಷಿಯನ್ ರಜೆ, ಎಕೋ ಅಂದರೆ ಹೃದಯದ ಸ್ಕ್ಯಾನ್ ಇಲ್ಲ, "ಮುಂದೆ ಕರೆದುಕೊಂಡು ಹೋಗಿ". ಮುಂದೆ ಅಂದರೆ ಉಡುಪಿ ಕಡೆ, ಸುಮಾರು 150 ಕಿಲೋಮೀಟರ್.

ಜಯದೇವ ಹೃದ್ರೋಗ ಆಸ್ಪತ್ರೆ ಬೆಂಗಳೂರಲ್ಲಿದೆ, ಮೈಸೂರಲ್ಲಿದೆ, ಕಲಬುರಗಿಯಲ್ಲಿದೆ. ನಮಗೆ ಘಟ್ಟ ಇದೆ. 2024ರ ಜುಲೈನಲ್ಲಿ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ ಅಮ್ಮನ ಆ ತಿಂಗಳ ತಪಾಸಣೆಯೇ ತಪ್ಪಿತು. ಅಷ್ಟು ಜನ ಸತ್ತಿದ್ದರಲ್ಲ, ಆಗ ನಮ್ಮ ಗೋಳು ಯಾರಿಗೆ ಹೇಳುವುದು.

ನಿಮ್ಮ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಒಳ್ಳೆಯದೇ. ಹಾರ್ಟ್ ಅಟ್ಯಾಕ್ ಆದವರಿಗೆ ತಾಲೂಕಿನಲ್ಲೇ ದುಬಾರಿ ಇಂಜೆಕ್ಷನ್ ಪುಕ್ಕಟೆ ಸಿಗುತ್ತದೆ, ಜೀವ ಉಳಿಯುತ್ತದೆ. ಆದರೆ ಉಳಿದವರಲ್ಲಿ ಎಷ್ಟೋ ಜನರ ಹೃದಯ ಆಮೇಲೆ ಹೀಗೇ ಸೋಲುತ್ತದೆ ಅಲ್ವಾ? ಅವರಿಗೆ ಯಾವ ಜ್ಯೋತಿ?

ನಾನು ಕೇಳುವುದು ದೊಡ್ಡ ಆಸ್ಪತ್ರೆಯನ್ನಲ್ಲ. ಅದನ್ನು ಕೇಳಿ ಕೇಳಿ ಜಿಲ್ಲೆಗೇ ಸಾಕಾಗಿದೆ. ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ ಕೊಡಿ. ಆ ದಿನ ಫಿಸಿಷಿಯನ್ ಇರಲಿ, ಎಕೋ ಇರಲಿ. ಮೈಯ ನೀರು ಇಳಿಸುವ ಮಾತ್ರೆ ನುಂಗುವವರಿಗೆ ರಕ್ತದ ಪೊಟ್ಯಾಸಿಯಂ, ಕಿಡ್ನಿ ನೋಡುವ ಕ್ರಿಯಾಟಿನಿನ್ ಪರೀಕ್ಷೆ ಅಲ್ಲೇ ಆಗಲಿ. ಮಾತ್ರೆ ಹತ್ತು ದಿನಕ್ಕಲ್ಲ, ಪೂರಾ ತಿಂಗಳಿಗೆ ಸಿಗಲಿ. "ಕಾಲು ಬಾತಿದೆಯಾ ಅಮ್ಮ" ಅಂತ ನಡುವೆ ಫೋನ್ ಮಾಡಿ ಕೇಳಲು ಒಬ್ಬ ಸಿಸ್ಟರ್ ಇದ್ದರೆ ಎಷ್ಟೋ ಸಲ 150 ಕಿಲೋಮೀಟರ್ ಓಡುವುದೇ ಬೇಡ. ವಾರಕ್ಕೆ ಒಂದು ದಿನ ಸರ್. ಏಳು ದಿನ ಕೇಳುತ್ತಿಲ್ಲ.

ಮತ್ತೆ ಒಂದು ತೂಕದ ಯಂತ್ರ. ಬಜೆಟ್ ಇಲ್ಲ ಅಂದರೆ ನಮ್ಮ ಮನೆಯದ್ದನ್ನೇ ತಂದಿಡುತ್ತೇನೆ, ರಸೀದಿ ಕೊಟ್ಟರೆ ಸಾಕು.

ಅಮ್ಮನ ಮುಂದಿನ ತಪಾಸಣೆ ಇದೇ 18ಕ್ಕೆ. ಮಳೆ ಶುರುವಾಗಿದೆ.

ಇಂತಿ,
ಅಂಕೋಲಾ ಕಡೆಯ ಒಬ್ಬ ಮಗ