ಆ ಒಂದು ಸೆಕೆಂಡನ್ನು ಅದೃಷ್ಟ ಎನ್ನಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್ ಕುರಿತು ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹದಲ್ಲಿ, 2013ರ ಐರನ್ ಬೌಲ್ ಪಂದ್ಯವನ್ನು ಆಬರ್ನ್ ತಂಡ ಅದೃಷ್ಟದಿಂದ ಗೆದ್ದಿತು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಲಾಗಿದೆ. ಆ ದಿನ ನಾನು ಕ್ರೀಡಾಂಗಣದಲ್ಲಿದ್ದೆ. ಆಗ ನನಗೆ 15 ವರ್ಷ. ಅಪ್ಪನಿಗೆ ಆಬರ್ನ್ ಊರಿನಲ್ಲಿ ಕೆಲಸವಿತ್ತು. ಆ ಸಾಲು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಅಲಬಾಮಾ ರಾಜ್ಯದ ಎರಡು ವಿಶ್ವವಿದ್ಯಾಲಯಗಳು, ಆಬರ್ನ್ ಮತ್ತು ಅಲಬಾಮಾ, ವರ್ಷಕ್ಕೊಮ್ಮೆ ಎದುರಾಗುವ ಪಂದ್ಯವದು. ಅಲ್ಲಿನವರಿಗೆ ಹಬ್ಬವೂ ಹೌದು, ಜಿದ್ದೂ ಹೌದು. ಹಿಂದಿನ ವರ್ಷ ಆಬರ್ನ್ 49–0 ಅಂತರದಲ್ಲಿ ಸೋತಿತ್ತು. ನನ್ನ ಸಹಪಾಠಿಗಳು ಆ ಅಂಕಿಯನ್ನು ಬಾಯಲ್ಲಿ ಹೇಳಲೂ ಹಿಂಜರಿಯುತ್ತಿದ್ದರು. ಈ ಸಲ ಅಲಬಾಮಾ ದೇಶದಲ್ಲೇ ಮೊದಲ ಸ್ಥಾನದ ತಂಡ, ಆಬರ್ನ್ ನಾಲ್ಕನೆಯದು.

ನವೆಂಬರ್ 30ರ ಸಂಜೆ ಜೋರ್ಡನ್-ಹೇರ್ ಕ್ರೀಡಾಂಗಣದಲ್ಲಿ 87,451 ಜನರಿದ್ದೆವು. ನಮ್ಮ ಜಾಗ ಗೋಲುಕಂಬದ ಹಿಂದೆ. ಆಟ ಮುಗಿಯಲು 32 ಸೆಕೆಂಡು ಇರುವಾಗ ಆಬರ್ನ್‌ನ ಸ್ಯಾಮಿ ಕೋಟ್ಸ್ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲುಗೆರೆ ದಾಟಿಸುವುದು) ಗಳಿಸಿ, ಅಂಕ 28–28 ಆಯಿತು. ನಂತರ ಅಲಬಾಮಾ ಆಟಗಾರನೊಬ್ಬ ಚೆಂಡಿನೊಂದಿಗೆ ಬದಿಯ ಗೆರೆಯಾಚೆ ಓಡಿಹೋದಾಗ ಗಡಿಯಾರ ಸೊನ್ನೆ ತೋರಿಸಿತು. "ಏಳು ಮಗಳೇ, ಇನ್ನು ಹೆಚ್ಚುವರಿ ಆಟ, ನೀರು ತರೋಣ" ಎಂದು ಅಪ್ಪ ಎದ್ದು ನಿಂತರು. ಸಮಯ ಇನ್ನೂ ಉಳಿದಿದೆ ಎಂದು ಅಲಬಾಮಾ ಕೋಚ್ ನಿಕ್ ಸಬಾನ್ ಪಟ್ಟು ಹಿಡಿದರು. ವಿಡಿಯೊ ನೋಡಿದ ಅಂಪೈರ್‌ಗಳು ಒಂದು ಸೆಕೆಂಡನ್ನು ಮರಳಿ ಕೊಟ್ಟರು. 57 ಯಾರ್ಡ್ ದೂರದಿಂದ ಫೀಲ್ಡ್ ಗೋಲ್ ಒದೆಯಲು, ಅಂದರೆ ಚೆಂಡನ್ನು ಗೋಲುಕಂಬಗಳ ನಡುವೆ ಒದ್ದು ಅಂಕ ಗಳಿಸಲು, ಹೊಸ ಹುಡುಗ ಆಡಂ ಗ್ರಿಫಿತ್ ಬಂದ.

ನಿಮ್ಮ ಬರಹ ಬಿಟ್ಟದ್ದು ಇನ್ನು ಮುಂದಿನ ಭಾಗವನ್ನು. ಒದೆತಕ್ಕೆ ಮುನ್ನ ಆಬರ್ನ್ ಕೋಚ್ ಗಸ್ ಮಾಲ್ಜಾನ್ ವಿರಾಮ ಕೇಳಿದರು. ಗೋಲುಕಂಬದ ಕೆಳಗೆ ಕಾಯಬೇಕಿದ್ದ ಆಟಗಾರನನ್ನು ಬದಲಿಸಿ ಕ್ರಿಸ್ ಡೇವಿಸ್‌ನನ್ನು ಅಲ್ಲಿ ನಿಲ್ಲಿಸಲಾಯಿತು. ಅಷ್ಟು ದೂರದ ಚೆಂಡು ಕಂಬ ಮುಟ್ಟದೆ ಬೀಳಬಹುದು; ಹಾಗೆ ಬಿದ್ದರೆ ಅದನ್ನು ಹಿಡಿದು ಓಡಲು ನಿಯಮ ಅವಕಾಶ ಕೊಡುತ್ತದೆ. ಒದೆಯುವ ತಂಡದಲ್ಲಿ ಆ ಹೊತ್ತಿಗೆ ಇರುವವರು ಬಹುಪಾಲು ಎದುರಾಳಿಯನ್ನು ತಡೆದು ನಿಲ್ಲಿಸುವ ಭಾರೀ ಮೈಕಟ್ಟಿನವರು. ವೇಗದ ಓಟಗಾರನನ್ನು ಅಟ್ಟಿ ಹಿಡಿಯುವುದು ಅವರಿಗೆ ಕಷ್ಟ. ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿದವರಿದ್ದರು.

ಚೆಂಡು ನಮ್ಮತ್ತಲೇ ಬಂತು, ಕಂಬಕ್ಕೆ ಮುಂಚೆಯೇ ಇಳಿಯತೊಡಗಿತು. ಗೋಲುಗೆರೆಯ ಹಿಂದೆ, ಮೈದಾನದ ಕೊನೆಯ ಗೆರೆಗೆ ಹೆಜ್ಜೆಯಷ್ಟೇ ಒಳಗೆ ಡೇವಿಸ್ ಅದನ್ನು ಹಿಡಿದ. ಕಡುನೀಲಿ ಅಂಗಿಯ ಬೆನ್ನ ಮೇಲಿನ 11 ಎಂಬ ಅಂಕಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಎಡಕ್ಕೆ ವಾಲಿತು, ಬದಿಯ ಗೆರೆಯನ್ನು ಹಿಡಿದು ಸಾಗಿತು, ಸಣ್ಣದಾಗುತ್ತ ಹೋಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಎರಡೂ ಕೈಗಳಿಂದ ತಮ್ಮ ಟೋಪಿ ಹಿಂಡುತ್ತಿದ್ದರು. ಅಂಕಿ ಓದಲಾಗದಷ್ಟು ಚಿಕ್ಕದಾದಾಗ ಅಪ್ಪನ ಬೆರಳುಗಳು ನನ್ನ ಭುಜವನ್ನು ನೋಯುವಷ್ಟು ಒತ್ತಿದವು. ಡೇವಿಸ್ ಆ ತುದಿ ಮುಟ್ಟಿದ, ಟಚ್‌ಡೌನ್. ದಾಖಲೆಯಲ್ಲಿ ಅದು ಗೋಲುಗೆರೆಯಿಂದ ಗೋಲುಗೆರೆಗೆ 100 ಯಾರ್ಡ್. ಓಡಿದ್ದು ಸುಮಾರು 109. ಅಂತಿಮ ಅಂಕ 34–28.

ಜನ ಪೊದೆಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ನೀರು ತರುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಅದೃಷ್ಟದ ಗೆಲುವೇ ಬೇಕಿದ್ದರೆ ಅದಕ್ಕೆ ಎರಡು ವಾರ ಮೊದಲಿನ ಜಾರ್ಜಿಯಾ ಎದುರಿನ ಪಂದ್ಯವಿದೆ. ಎದುರಾಳಿಗಳ ಕೈಗೆ ಬಡಿದು ಚಿಮ್ಮಿದ ಚೆಂಡು ಆಬರ್ನ್‌ನ ರಿಕಾರ್ಡೊ ಲೂಯಿಸ್‌ಗೆ ಸಿಕ್ಕಿ, 73 ಯಾರ್ಡ್‌ನ ಟಚ್‌ಡೌನ್ ಆಗಿತ್ತು. ಅದಕ್ಕೆ ಆ ಮಾತು ಬಳಸಿ, ನನ್ನ ತಕರಾರಿಲ್ಲ. ಐರನ್ ಬೌಲ್ ಬಗ್ಗೆ ಮುಂದೆ ಬರೆಯುವಾಗ ಮಾತ್ರ ಆ ವಿರಾಮವನ್ನೂ, ಆಟಗಾರನ ಬದಲಾವಣೆಯನ್ನೂ ದಯವಿಟ್ಟು ಸೇರಿಸಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು