ಹೆಸರಿಡಲು ಹಕ್ಕಿಯ ಪ್ರಾಣವೇ ಬೇಕೇ?

ಮಾನ್ಯ ಸಂಪಾದಕರೇ,

ಹೊಸ ಹಕ್ಕಿಯೊಂದು ಕಂಡರೆ ಅದನ್ನು ಕೊಂದು, ಚರ್ಮ ಸುಲಿದು, ಹತ್ತಿ ತುಂಬಿ ಸಂಗ್ರಹಾಲಯದಲ್ಲಿ ಇರಿಸಿದ ಮೇಲೆಯೇ ವೈಜ್ಞಾನಿಕ ಹೆಸರು ಕೊಡುವುದು ಬಹುಕಾಲದ ಪದ್ಧತಿ. ಅದನ್ನು ಬಿಟ್ಟು ನಡೆಯಬಹುದೆಂದು ತೋರಿಸಿದವರಲ್ಲಿ ನಮ್ಮ ದೇಶದ ರಮಣ ಆತ್ರೇಯ ಒಬ್ಬರು. ವೃತ್ತಿಯಿಂದ ಖಗೋಳ ವಿಜ್ಞಾನಿಯಾದ ಅವರು ಅರುಣಾಚಲ ಪ್ರದೇಶದ ಈಗಲ್‌ನೆಸ್ಟ್ ಅಭಯಾರಣ್ಯದಲ್ಲಿ ‘ಬುಗುನ್ ಲಿಯೋಸಿಕ್ಲಾ’ ಹಕ್ಕಿಯನ್ನು ಮೊದಲು ನೋಡಿದ್ದು 1995ರಲ್ಲಿ, ಮತ್ತೆ ನೋಡಿದ್ದು ಹತ್ತು ವರ್ಷಗಳ ಬಳಿಕ. 2006ರಲ್ಲಿ ಅದು ಬಲೆಗೆ ಸಿಕ್ಕಾಗ ಅಳತೆ, ಛಾಯಾಚಿತ್ರ ಮತ್ತು ಕೆಲವು ಗರಿಗಳನ್ನಷ್ಟೇ ಇಟ್ಟುಕೊಂಡು ಅದನ್ನು ಹಾರಲು ಬಿಟ್ಟರು. ಅಂದು ಗುರುತಿಸಲು ಸಿಕ್ಕಿದ್ದವು 14 ಹಕ್ಕಿಗಳು ಮಾತ್ರ. ಅಷ್ಟರಲ್ಲಿ ಒಂದನ್ನು ಕೊಲ್ಲಲು ಅವರಿಗೆ ಮನಸ್ಸಾಗಲಿಲ್ಲ. ಆದರೂ ಆ ಹಕ್ಕಿ ಹೊಸ ಪ್ರಭೇದವಾಗಿ ಮನ್ನಣೆ ಪಡೆಯಿತು.

ಈ ಮಾರ್ಗಕ್ಕೆ ಆಕ್ಷೇಪಗಳಿವೆ, ಅವುಗಳಲ್ಲಿ ಹುರುಳೂ ಇದೆ. ಸೊಮಾಲಿಯಾದ ಬುಲೊ ಬುರ್ಟಿಯಲ್ಲಿ ಸಿಕ್ಕಿದ ಒಂದೇ ಒಂದು ಹಕ್ಕಿಯನ್ನು ಸಾಕಿ, 1990ರಲ್ಲಿ ಬಿಡುಗಡೆ ಮಾಡಿ, ಗರಿ ಹಾಗೂ ಡಿಎನ್‌ಎ ಆಧಾರದ ಮೇಲೆ 1991ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಲಾಯಿತು. 2008ರಲ್ಲಿ ಅದು ಈಗಾಗಲೇ ಗೊತ್ತಿದ್ದ ಪ್ರಭೇದವೊಂದರ ಬಣ್ಣಭೇದವಷ್ಟೇ ಎಂದು ತಿಳಿದುಬಂತು. ಸಂಗ್ರಹಾಲಯಗಳ ಉಪಕಾರವನ್ನೂ ಮರೆಯುವಂತಿಲ್ಲ. ಡಿಡಿಟಿ ಎಂಬ ಕೀಟನಾಶಕ ಬಳಕೆಗೆ ಬಂದ ಕಾಲದಿಂದ ಬೇಟೆಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿದೆ ಎಂಬುದನ್ನು 1967ರಲ್ಲಿ ಬ್ರಿಟನ್ನಿನಲ್ಲಿ ಡೆರೆಕ್ ರ‍್ಯಾಟ್‌ಕ್ಲಿಫ್ ತೋರಿಸಿಕೊಟ್ಟದ್ದು ಹಿಂದಿನವರು ಕೂಡಿಟ್ಟಿದ್ದ ಮೊಟ್ಟೆಗಳ ನೆರವಿನಿಂದಲೇ. ನಮ್ಮ ಮೈಸೂರು ಸಂಸ್ಥಾನದಲ್ಲಿ 1939–40ರಲ್ಲಿ ಸಲೀಂ ಅಲಿ ಅವರು ನಡೆಸಿದ ಪಕ್ಷಿ ಸಮೀಕ್ಷೆಯೂ ಹಕ್ಕಿಗಳನ್ನು ಕೊಂದು ಮಾದರಿಗಳಾಗಿ ಸಂಗ್ರಹಿಸಿಯೇ ನಡೆದದ್ದು. ಅಂದು ಅದಕ್ಕೆ ಬೇರೆ ದಾರಿ ಹೆಚ್ಚಿರಲಿಲ್ಲ.

ಆದರೆ ಮೆಕ್ಸಿಕೋದ ಗ್ವಾಡಲೂಪ್ ದ್ವೀಪದಲ್ಲಿ 1900ರ ಡಿಸೆಂಬರ್ 1ರಂದು ಸಂಗ್ರಾಹಕ ರೋಲೋ ಬೆಕ್ ತಾನು ಕಂಡ 11 ಕ್ಯಾರಕ್ಯಾರಾ ಎಂಬ ಬೇಟೆಹಕ್ಕಿಗಳಲ್ಲಿ 9ನ್ನು ಹೊಡೆದುಹಾಕಿದ. ಮೇಕೆ ಸಾಕುವವರು ಅದಾಗಲೇ ಆ ಸಂತತಿಯನ್ನು ಬಹುತೇಕ ಮುಗಿಸಿದ್ದರು. ಹಕ್ಕಿಗಳು ಅಂಜದೆ ಹತ್ತಿರ ಬಂದದ್ದನ್ನು ಕಂಡು ಅವು ಹೇರಳವಾಗಿವೆ ಎಂದು ಆತ ಭಾವಿಸಿದ್ದನಂತೆ. ಎಷ್ಟು ಉಳಿದಿವೆ ಎಂಬ ತೀರ್ಮಾನವನ್ನು ಬಂದೂಕು ಹಿಡಿದವನ ಅಂದಾಜಿಗೇ ಬಿಟ್ಟುಬಿಟ್ಟದ್ದು ಅಲ್ಲಿ ಆದ ತಪ್ಪು.

ನಾನು ಓದಿದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಒಂದು ಕಪಾಟಿನ ತುಂಬ ಹಕ್ಕಿಗಳಿದ್ದವು. ಬಹುಪಾಲಿಗೆ ಹುಳು ಹಿಡಿದಿತ್ತು. ಎಲ್ಲಿ, ಯಾವಾಗ ಸಿಕ್ಕಿತೆಂದು ಬರೆದು ಕಾಲಿಗೆ ಕಟ್ಟಿದ್ದ ಚೀಟಿಗಳು ಕಳಚಿ ತಳದಲ್ಲಿ ಬಿದ್ದಿದ್ದವು. ಚೀಟಿಯಿಲ್ಲದ ಹಕ್ಕಿಯಿಂದ ಯಾವ ಸಂಶೋಧಕನಿಗೂ ಪ್ರಯೋಜನವಿಲ್ಲ. ಆ ಕಪಾಟಿನ ನೆನಪು ಇಂದಿಗೂ ನನ್ನನ್ನು ಕಾಡುತ್ತದೆ. ಇದ್ದುದನ್ನೇ ಕಾಪಾಡಲಾಗದ ನಮಗೆ ಇನ್ನಷ್ಟು ಕೊಲ್ಲುವ ಹಕ್ಕು ಎಲ್ಲಿಂದ ಬರುತ್ತದೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 12ನೇ ಸೆಕ್ಷನ್ ಪ್ರಕಾರ ವೈಜ್ಞಾನಿಕ ಸಂಶೋಧನೆಗೆ ಪರವಾನಗಿ ಕೊಡಲು ಅವಕಾಶವಿದೆ. ಹಕ್ಕಿಯನ್ನು ಕೊಲ್ಲಲೇಬೇಕೆಂದು ಕೇಳುವವರು, ಗರಿ, ರಕ್ತದ ಹನಿ, ಕೂಗಿನ ಧ್ವನಿಮುದ್ರಣ ಮತ್ತು ಛಾಯಾಚಿತ್ರಗಳಿಂದ ಆಗದ ಯಾವ ಕೆಲಸ ಆ ಸಾವಿನಿಂದ ಆಗುತ್ತದೆ, ಆ ಜಾಗದಲ್ಲಿ ಹಕ್ಕಿಗಳೆಷ್ಟಿವೆ, ಮಾದರಿಯನ್ನು ಮುಂದೆ ಯಾರು ಕಾಯುತ್ತಾರೆ ಎಂಬುದನ್ನು ಅರ್ಜಿಯಲ್ಲಿ ಬರೆದುಕೊಡಬೇಕು. ಅರ್ಜಿದಾರರಿಗೆ ಸಂಬಂಧಪಡದ ಪಕ್ಷಿತಜ್ಞರು ಅದನ್ನು ಪರಿಶೀಲಿಸಬೇಕು. ಬಾಬಾಬುಡನ್‌ಗಿರಿಯ ಶೋಲಾ ಕಾಡಿನಂಥ ಸಣ್ಣ ನೆಲೆಗಳಲ್ಲಷ್ಟೇ ಬದುಕುವ ಹಕ್ಕಿಗಳ ವಿಷಯದಲ್ಲಂತೂ ಈ ಪರಿಶೀಲನೆ ಇನ್ನೂ ಬಿಗಿಯಾಗಿರಬೇಕು. ಕೊಟ್ಟ ಪರವಾನಗಿಗಳನ್ನೂ ಅವುಗಳ ಕಾರಣಗಳನ್ನೂ ಅರಣ್ಯ ಇಲಾಖೆ ತನ್ನ ಜಾಲತಾಣದಲ್ಲಿ ಕನ್ನಡದಲ್ಲೇ ಪ್ರಕಟಿಸಲಿ ಎಂದು ವಿನಂತಿಸುತ್ತೇನೆ.

– ಪಕ್ಷಿವೀಕ್ಷಕ, ಚಿಕ್ಕಮಗಳೂರು