ದೂರು ಕೊಟ್ಟವಳಿಗೇ ಲೈನ್ ಬದಲಾವಣೆ ಏಕೆ?

ಮಾನ್ಯ ಸಂಪಾದಕರೇ,

ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ತಿನ್ನುವ ಬೈಗುಳಕ್ಕೆ ಸೂಪರ್‌ವೈಸರ್‌ಗಳ ಸಿಡುಕು ಸ್ವಭಾವವೊಂದೇ ಕಾರಣವಲ್ಲ. ಗಂಟೆಗೆ ಇಷ್ಟು ಪೀಸ್ ಹೊಲಿಯಲೇಬೇಕು ಎಂದು ಬೋರ್ಡಿನಲ್ಲಿ ಬರೆದಿರುತ್ತಾರೆ. ಹೊಸ ಸ್ಟೈಲ್ ಬಂದ ಮೊದಲ ದಿನಗಳಲ್ಲಿ ಕೈ ಓಡುವುದಿಲ್ಲ. ಸೂಜಿ ಮುರಿದರೆ, ಮೆಷಿನ್ ಕೆಟ್ಟರೆ ಮೆಕ್ಯಾನಿಕ್‌ಗೆ ಕಾಯಬೇಕು. ಹಿಂದಿನ ಮೆಷಿನ್‌ನಿಂದ ಬಂಡಲ್ ಬರದಿದ್ದರೆ ಮುಂದಿನವಳು ಸುಮ್ಮನೆ ಕೂರಬೇಕು. ಫ್ಲೋರ್ ಇನ್‌ಚಾರ್ಜ್ ಮಾತ್ರ ಪೀಸ್ ಎಷ್ಟಾಯಿತು ಎಂದಷ್ಟೇ ಕೇಳುತ್ತಾರೆ. ಮೇಲಿನವರಿಂದ ಬೈಸಿಕೊಂಡ ಸೂಪರ್‌ವೈಸರ್ ಅದನ್ನು ಲೈನ್ ಮೇಲೆ, ಅಂದರೆ ಸಾಲು ಮೆಷಿನ್‌ಗಳಲ್ಲಿ ಕೂತು ಹೊಲಿಯುವವರ ಮೇಲೆ, ತೀರಿಸಿಕೊಳ್ಳುತ್ತಾನೆ. ಗಂಟೆಯ ಲೆಕ್ಕದ ಹಾಳೆಯಲ್ಲೇ ಪೀಸ್ ಕಡಿಮೆಯಾದ ಕಾರಣವನ್ನೂ ಬರೆಸಿದರೆ ಎಷ್ಟೋ ಕೂಗಾಟ ತಪ್ಪುತ್ತದೆ. ಇದಕ್ಕೆ ಖರ್ಚೂ ಇಲ್ಲ.

ಬೈಗುಳ ಮೈಕಟ್ಟಿನ ಮೇಲೆ, ನಡತೆಯ ಮೇಲೆ ಹೊರಳಿದರೆ ಅದು ಬರೀ ಒರಟುತನವಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಲೈಂಗಿಕ ಅರ್ಥದ ಮಾತು ಕೂಡ ಕಿರುಕುಳವೇ. 10 ಅಥವಾ ಹೆಚ್ಚು ಜನ ದುಡಿಯುವಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಸಂಸ್ಥೆಯ ಹೊರಗಿನ ಒಬ್ಬ ಸದಸ್ಯರೂ ಬೇಕು. ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಬರೆಯಲಾಗದವರಿಗೆ ಬರೆಯಲು ನೆರವಾಗುವುದು ಸಮಿತಿಯದೇ ಹೊಣೆ. ‘ಕೆಟ್ಟದಾಗಿ ಬೈದರು’ ಎಂದಷ್ಟೇ ಇದ್ದರೆ ವಿಚಾರಣೆಯಲ್ಲಿ ದೂರು ನಿಲ್ಲುವುದು ಕಷ್ಟ. ತಾರೀಕು, ಹೊತ್ತು, ಅಕ್ಕಪಕ್ಕದ ಮೆಷಿನ್‌ನಲ್ಲಿದ್ದವರ ಹೆಸರು ಇರಲಿ. ಆಡಿದ ಮಾತು ಎಷ್ಟೇ ಅಸಹ್ಯವಾಗಿದ್ದರೂ ಆಡಿದ ಹಾಗೇ ಬರೆಯಿರಿ. ನಾಚಿಕೆಪಡಬೇಕಾದವರು ಅದನ್ನು ಆಡಿದವರು.

ಎಲ್ಲಕ್ಕಿಂತ ಹೆಚ್ಚು ಅನ್ಯಾಯದ್ದು, ದೂರು ಕೊಟ್ಟವಳನ್ನೇ ಬೇರೆ ಲೈನ್‌ಗೆ ಹಾಕುವ ರೂಢಿ. ಕಾಲರ್ ಕೂರಿಸುವುದರಲ್ಲಿ ಪಳಗಿದವಳನ್ನು ಏಕಾಏಕಿ ಪಾಕೆಟ್ ಹೊಲಿಯಲು ಕೂರಿಸಿದರೆ ಪೀಸ್ ಬೀಳುತ್ತದೆ, ಮತ್ತೆ ಬೈಗುಳ ಶುರು. ಕೊನೆಗೆ ಅವಳೇ ಕೆಲಸ ಬಿಡುತ್ತಾಳೆ. ದಾಖಲೆಯಲ್ಲಿ ಅದು ಸ್ವಂತ ಇಚ್ಛೆಯ ರಾಜೀನಾಮೆ. ಇದನ್ನೆಲ್ಲ ಕಂಡ ಉಳಿದವರು ತುಟಿ ಬಿಚ್ಚುವುದಿಲ್ಲ.

ಕಾಯ್ದೆಯ 12ನೇ ಸೆಕ್ಷನ್ ಹೇಳುವುದೇ ಬೇರೆ. ವಿಚಾರಣೆ ನಡೆಯುವಾಗ ದೂರು ಕೊಟ್ಟವಳು ಲಿಖಿತವಾಗಿ ಕೇಳಿದರೆ ಮಾತ್ರ ವರ್ಗಾವಣೆ; ಆಕೆಯನ್ನು ಅಥವಾ ಆರೋಪಿಯನ್ನು ಬೇರೆಡೆ ಕಳಿಸುವಂತೆ ಸಮಿತಿ ಶಿಫಾರಸು ಮಾಡಬಹುದು. ಆಕೆಗೆ 3 ತಿಂಗಳವರೆಗೆ ಹೆಚ್ಚುವರಿ ರಜೆಗೂ ಅವಕಾಶವಿದೆ.

ತಪಾಸಣೆಗೆ ಹೋಗುವ ಅಧಿಕಾರಿಗಳು ನೋಟಿಸ್ ಬೋರ್ಡಿನಲ್ಲಿ ಸಮಿತಿಯ ಹೆಸರುಗಳಿವೆ ಎಂದು ಟಿಕ್ ಹಾಕಿ ಹಿಂತಿರುಗಬಾರದು. ಕಳೆದ ವರ್ಷ ದೂರು ಕೊಟ್ಟವರಲ್ಲಿ ಎಷ್ಟು ಮಂದಿ ಇನ್ನೂ ಅದೇ ಲೈನ್‌ನಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಹಾಜರಿ ಪುಸ್ತಕ ತರಿಸಿ ನೋಡಲಿ.

— ಕಾರ್ಮಿಕ ಮಹಿಳೆಯರ ಹಿತೈಷಿಗಳು, ಬೆಂಗಳೂರು